ಲಸಿಕೆ ಬಿದ್ದ ಮೇಲೆ ಕೋಳಿ ಮೈಯೊಳಗೆ ಏನಾಗುತ್ತದೆ?

ಈ ಸಲ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆಯಿಂದ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ವೈರಸ್, ಲಸಿಕೆ, ಜೀನ್ ಬಗ್ಗೆಯೇ ಇವೆ. ಒಂದೇ ಥರದವನ್ನು ಸೇರಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ಗೌರಿಬಿದನೂರು ತಾಲ್ಲೂಕಿನಲ್ಲಿ ಮನೆ ಹತ್ತಿರವೇ ನಾಟಿ ಕೋಳಿ ಸಾಕಿದ್ದೇನೆ. ಕೊಕ್ಕರೆ ರೋಗಕ್ಕೆ (ರಾಣಿಖೇತ್ ರೋಗ) ಲಸಿಕೆ ಹಾಕಿಸಿ ಅಂತ ಪಶು ಆಸ್ಪತ್ರೆಯಲ್ಲಿ ಹೇಳುತ್ತಾರೆ. ಆದರೆ ಮೊಟ್ಟೆ ಕೊಳ್ಳುವವರು, "ಲಸಿಕೆ ಹಾಕಿದರೆ ಕೋಳಿಯ ಜೀನ್ ಬದಲಾಗುತ್ತದೆ, ಆಮೇಲೆ ಅದು ನಾಟಿ ಅಲ್ಲ" ಅಂತ ವಾಟ್ಸಾಪ್ ತೋರಿಸುತ್ತಾರೆ. ನಿಜವೇ?

ನಿಜವಲ್ಲ. ಆದರೆ ಈ ಸುದ್ದಿ ಎಲ್ಲಿಂದ ಹುಟ್ಟಿತು ಅಂತ ಊಹಿಸಬಹುದು. "ಲಸಿಕೆ ಹಾಕಿದ ಕೋಳಿಯಲ್ಲಿ ನೂರಾರು ಜೀನ್‌ಗಳು ಬದಲಾದವು" ಅಂತ ಸಂಶೋಧನೆಗಳಲ್ಲಿ ಬರೆಯುತ್ತಾರೆ. ಅಲ್ಲಿ ಬದಲಾದದ್ದು ಜೀನ್ ಅಲ್ಲ. ಆ ಜೀನ್ ಎಷ್ಟು ಕೆಲಸ ಮಾಡಿತು ಅನ್ನುವುದು.

ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮ್ ನೋಡಿದ್ದೀರಲ್ಲ? ಮೂಲ ದಾಖಲೆ ಒಳಗೇ ಇರುತ್ತದೆ. ಬೇಕಾದವರು ನಕಲು ತೆಗೆಸಿಕೊಂಡು ಹೋಗುತ್ತಾರೆ. ಜಮೀನಿನ ಗಲಾಟೆ ಜಾಸ್ತಿಯಾದ ವರ್ಷ ನಕಲೂ ಜಾಸ್ತಿ ಹೊರಗೆ ಬರುತ್ತದೆ. ಮೂಲ ಪುಸ್ತಕದಲ್ಲಿ ಒಂದಕ್ಷರವೂ ತಿದ್ದುಪಡಿಯಾಗುವುದಿಲ್ಲ. ಕೋಳಿಯ ಜೀವಕೋಶದಲ್ಲಿ ಡಿಎನ್‌ಎ ಅನ್ನುವುದು ಮೂಲ. ಅದರಿಂದ ಹೊರಬರುವ ನಕಲು ಎಂಆರ್‌ಎನ್‌ಎ. ಆ ನಕಲು ನೋಡಿಕೊಂಡು ಜೀವಕೋಶ ಪ್ರೋಟೀನ್ ತಯಾರಿಸುತ್ತದೆ. ಯಾವ ಜೀನಿನ ನಕಲು ಎಷ್ಟು ಬರುತ್ತಿದೆ ಅನ್ನುವುದನ್ನೇ ಜೀನ್ ಅಭಿವ್ಯಕ್ತಿ ಅನ್ನುತ್ತಾರೆ. ವೈರಸ್ ಬಂದರೂ, ಲಸಿಕೆ ಬಿದ್ದರೂ, ಬಿಸಿಲು ಹೆಚ್ಚಾದರೂ ಈ ನಕಲುಗಳ ಲೆಕ್ಕ ಏರಿಳಿಯುತ್ತದೆ. ಲಸಿಕೆಯಿಂದ ಏರಿದ್ದು ಕೆಲವು ದಿನಗಳಲ್ಲಿ ಮತ್ತೆ ಇಳಿಯುತ್ತದೆ. ಉಳಿಯುವುದು ಪ್ರತಿಕಾಯ, ಮತ್ತು ಆ ವೈರಸ್ಸನ್ನು ನೆನಪಿಟ್ಟುಕೊಂಡ ಕೆಲವು ರಕ್ತಕಣಗಳು.

ಕೊಕ್ಕರೆ ರೋಗದ ವೈರಸ್ಸೇ ಆರ್‌ಎನ್‌ಎ ವೈರಸ್. ಅದು ಎಂದೂ ಡಿಎನ್‌ಎ ಆಗುವುದಿಲ್ಲ. ಜೀವಕೋಶದ ಒಳಗೆ, ಆದರೆ ಕೋಶಕೇಂದ್ರದ ಹೊರಗೇ ತನ್ನ ಸಂಖ್ಯೆ ಹೆಚ್ಚಿಸಿಕೊಳ್ಳುತ್ತದೆ. ಕೋಳಿಯ ಡಿಎನ್‌ಎ ಇರುವ ಕೋಶಕೇಂದ್ರದಲ್ಲಿ ಅದಕ್ಕೆ ಕೆಲಸವಿಲ್ಲ. ಅದೇ ವೈರಸ್ಸಿನ ಸಾಧು ತಳಿಯಿಂದ ಮಾಡಿದ ಲಸಿಕೆಯೂ ಅಷ್ಟೇ. ಹಾಗಾಗಿ ನಿಮ್ಮ ನಾಟಿ ಕೋಳಿ ನಾಟಿಯೇ. ಮೊಟ್ಟೆಯೂ ನಾಟಿ ಮೊಟ್ಟೆಯೇ.

ಹಾಗಂತ ಯಾವ ವೈರಸ್ಸೂ ಕೋಳಿಯ ಡಿಎನ್‌ಎಯನ್ನು ಮುಟ್ಟಿಲ್ಲ ಅಂತಲ್ಲ. ದಕ್ಷಿಣ ಅಮೆರಿಕದ ಅರೌಕಾನ ಕೋಳಿ, ಚೀನಾದ ಕೆಲವು ಕೋಳಿಗಳು ನೀಲಿ ಮೊಟ್ಟೆ ಇಡುತ್ತವೆ. ಇದಕ್ಕೆ ಕಾರಣ 2013ರಲ್ಲಿ ಗೊತ್ತಾಯಿತು. ತುಂಬಾ ಹಿಂದೆ ಒಂದು ರೆಟ್ರೋವೈರಸ್ (ತಾನು ಹೊಕ್ಕ ಜೀವಕೋಶದ ಡಿಎನ್‌ಎಯೊಳಗೇ ಸೇರಿಕೊಳ್ಳುವ ಥರದ ವೈರಸ್) ಆ ಕೋಳಿಗಳ ಡಿಎನ್‌ಎಯಲ್ಲಿ ಒಂದು ಜೀನಿನ ಪಕ್ಕ ಸೇರಿಕೊಂಡಿತು. ಅಂದಿನಿಂದ ಆ ಜೀನ್ ಮೊಟ್ಟೆಯ ಚಿಪ್ಪು ತಯಾರಾಗುವ ಜಾಗದಲ್ಲೂ ಕೆಲಸ ಮಾಡತೊಡಗಿತು. ಪಿತ್ತದ ಒಂದು ಬಣ್ಣ ಚಿಪ್ಪಿಗೆ ಇಳಿಯಿತು. ಇದು ಲಸಿಕೆಗಳೆಲ್ಲ ಹುಟ್ಟುವ ಎಷ್ಟೋ ಮುಂಚಿನ ಕಥೆ. ಜೀನ್ ಬದಲಾದ ಮೊಟ್ಟೆ ಬೇಡ ಅನ್ನುವವರಲ್ಲಿ ಕೆಲವರು ಆ ನೀಲಿ ಮೊಟ್ಟೆಗೆ ದುಬಾರಿ ಬೆಲೆ ಕೊಟ್ಟಾರು!

ಪ್ರಶ್ನೆ: ಮಾಲೂರಿನ ಹತ್ತಿರ ಲೇಯರ್ ಫಾರಂ ಇದೆ. ಕೊಕ್ಕರೆ ರೋಗದ ಲಾಸೋಟ ಲಸಿಕೆ ಕೊಟ್ಟ ಮೂರು, ನಾಲ್ಕನೇ ದಿನ ಮರಿಗಳು ಸೀನುತ್ತವೆ, ಮೇವು ಸ್ವಲ್ಪ ಕಡಿಮೆ ತಿನ್ನುತ್ತವೆ. ರೋಗ ತಡೆಯಲು ಕೊಟ್ಟದ್ದು ರೋಗವನ್ನೇ ತಂದಂತೆ ಆಗುವುದಿಲ್ಲವೇ? ರೋಗಕ್ಕೂ ಲಸಿಕೆಗೂ ಒಳಗೆ ವ್ಯತ್ಯಾಸ ಏನು?

ಒಳ್ಳೆಯ ಪ್ರಶ್ನೆ. ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಕೊಕ್ಕರೆ ರೋಗವನ್ನು ಮೊದಲು ಗುರುತಿಸಿದ್ದು 1926ರಲ್ಲಿ, ಜಾವಾ ಮತ್ತು ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ. ಅದಾದ ಸ್ವಲ್ಪ ದಿನಕ್ಕೇ ನಮ್ಮ ದೇಶದ ರಾಣಿಖೇತ್‌ನಲ್ಲೂ ಕಂಡಿತು. ಲಾಸೋಟ ಕೂಡ ಅದೇ ವೈರಸ್ಸಿನ ಒಂದು ತಳಿ. ಜೀವಂತ ತಳಿ. ಕಣ್ಣಿಗೆ ಹನಿ ಹಾಕಿದಾಗ, ನೀರಲ್ಲಿ ಕುಡಿಸಿದಾಗ ಅದು ಮರಿಯ ಉಸಿರುನಾಳದಲ್ಲಿ ನಿಜವಾಗಿಯೂ ಬೆಳೆಯುತ್ತದೆ. ಬೆಳೆಯದಿದ್ದರೆ ಲಸಿಕೆ ಕೆಲಸ ಮಾಡಿಲ್ಲ ಅಂತಲೇ ಅರ್ಥ.

ವ್ಯತ್ಯಾಸ ಇರುವುದು ಅದು ಎಲ್ಲಿ ಬೆಳೆಯುತ್ತದೆ ಅನ್ನುವುದರಲ್ಲಿ. ಈ ವೈರಸ್ಸಿನ ಮೈಮೇಲೆ ಎಫ್ ಅನ್ನುವ ಪ್ರೋಟೀನ್ ಇದೆ. ಕೋಳಿಯದೇ ಒಂದು ಕಿಣ್ವ ಅದನ್ನು ಕತ್ತರಿಸಿಕೊಟ್ಟರೆ ಮಾತ್ರ ವೈರಸ್ ಜೀವಕೋಶದೊಳಗೆ ನುಗ್ಗಬಲ್ಲದು. ಲಾಸೋಟದ ಎಫ್ ಪ್ರೋಟೀನನ್ನು ಕತ್ತರಿಸುವ ಕಿಣ್ವ ಮುಖ್ಯವಾಗಿ ಉಸಿರುನಾಳ ಮತ್ತು ಕರುಳಿನಲ್ಲಿ ಸಿಗುತ್ತದೆ. ಹಾಗಾಗಿ ಅದು ಅಲ್ಲೇ ನಿಲ್ಲುತ್ತದೆ. ರೋಗ ತರುವ ತಳಿಯ ಎಫ್ ಪ್ರೋಟೀನಿಗೆ ಫ್ಯೂರಿನ್ ಅನ್ನುವ ಕಿಣ್ವ ಸಾಕು. ಅದು ಮೈಯ ಎಲ್ಲ ಕಡೆ ಇದೆ. ಗುಲ್ಮ, ಮಿದುಳು, ಕರುಳಿನ ಗೋಡೆ, ಎಲ್ಲಿ ಬೇಕಾದರೂ ಬೆಳೆಯಬಹುದು. ಕತ್ತು ತಿರುಚುವುದು, ಹಸಿರು ಭೇದಿ, ರಾತ್ರೋರಾತ್ರಿ ಸಾವು, ಇದೆಲ್ಲ ಅದರಿಂದ.

ಈಗ ಜೀನ್ ವಿಷಯ. ಜೀವಕೋಶದೊಳಗೆ ವೈರಸ್ಸಿನ ಆರ್‌ಎನ್‌ಎ ಕಂಡುಹಿಡಿಯಲು ಕೋಳಿಗೆ ಟಿಎಲ್‌ಆರ್3, ಟಿಎಲ್‌ಆರ್7, ಎಂಡಿಎ5 ಅನ್ನುವ ಪ್ರೋಟೀನ್‌ಗಳಿವೆ. ಅವು ಗುರುತಿಸಿದ ಕೆಲವೇ ಗಂಟೆಗಳಲ್ಲಿ ಇಂಟರ್‌ಫೆರಾನ್ ಜೀನಿನ ನಕಲು ಶುರುವಾಗುತ್ತದೆ. ಇಂಟರ್‌ಫೆರಾನ್ ಅಂದರೆ ವೈರಸ್ ಬಂತು ಅಂತ ಎಚ್ಚರಿಸುವ ಪ್ರೋಟೀನ್, ಅದು ಪಕ್ಕದ ಜೀವಕೋಶಗಳಿಗೂ ಹೋಗಿ ಮುಟ್ಟುತ್ತದೆ. ಅಲ್ಲಿ ಎಂಎಕ್ಸ್, ಒಎಎಸ್, ಪಿಕೆಆರ್, ವೈಪೆರಿನ್, ಐಎಫ್‌ಐಟಿ5 ಹೀಗೆ ನೂರಾರು ಜೀನ್‌ಗಳು ಒಟ್ಟಿಗೆ ಏಳುತ್ತವೆ. ಒಂದು ವೈರಸ್ಸಿನ ಆರ್‌ಎನ್‌ಎ ಕತ್ತರಿಸುವ ಕೆಲಸಕ್ಕೆ ಸೇರಿದೆ, ಇನ್ನೊಂದು ಪ್ರೋಟೀನ್ ತಯಾರಿಕೆಯನ್ನೇ ನಿಲ್ಲಿಸುತ್ತದೆ. ಪ್ರತಿಕಾಯ ಬರಲು ಒಂದು ವಾರ, ಹತ್ತು ದಿನ ಬೇಕು. ಅಲ್ಲಿಯವರೆಗೆ ಮರಿಯನ್ನು ಕಾಯುವುದು ಇವೇ.

ಇಂಟರ್‌ಫೆರಾನ್ ಸಿಕ್ಕಿದ್ದೇ ಕೋಳಿಮೊಟ್ಟೆಯಲ್ಲಿ ಅನ್ನುವುದು ನಮ್ಮ ಕಡೆ ಅಷ್ಟಾಗಿ ಗೊತ್ತಿಲ್ಲ. 1957ರಲ್ಲಿ ಲಂಡನ್ನಿನಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಅನ್ನುವ ಇಬ್ಬರು, ಕಾವಿಗೆ ಇಟ್ಟ ಮೊಟ್ಟೆಯ ಪೊರೆಯ ತುಂಡುಗಳನ್ನು ಬಿಸಿಯಿಂದ ಸಾಯಿಸಿದ ಫ್ಲೂ ವೈರಸ್ ಜೊತೆ ಇಟ್ಟರು. ಆ ಪೊರೆಯಿಂದ ಏನೋ ಒಂದು ಹೊರಬಂತು. ಅದನ್ನು ಹೊಸ ಪೊರೆಗೆ ಹಾಕಿದರೆ ಜೀವಂತ ವೈರಸ್ ಕೂಡ ಅಲ್ಲಿ ಬೆಳೆಯಲಿಲ್ಲ. ಆ "ಏನೋ ಒಂದು" ಇಂಟರ್‌ಫೆರಾನ್. ಸತ್ತ ವೈರಸ್ಸೂ ಜೀನ್‌ಗಳನ್ನು ಎಬ್ಬಿಸಬಲ್ಲದು ಅಂತ ಆಗಲೇ ತೋರಿಸಿದಂತಾಯಿತು, ಅಲ್ವಾ?

ನಿಮ್ಮ ಮರಿಗಳ ಮಂಕು, ಸೀನು ಈ ಏಳುವಿಕೆಯ ಭಾಗವೇ. ಐಎಲ್-1, ಐಎಲ್-6 ಅನ್ನುವ ಜೀನ್‌ಗಳು ಏರಿದಾಗ ಜ್ವರ ಬರುತ್ತದೆ, ಹಸಿವು ತಗ್ಗುತ್ತದೆ. ಲಿವರ್ ತನ್ನ ಎಂದಿನ ಕೆಲಸ ಕಡಿಮೆ ಮಾಡಿ, ಉರಿಯೂತಕ್ಕೆ ಬೇಕಾದ ಪ್ರೋಟೀನ್ ತಯಾರಿಸತೊಡಗುತ್ತದೆ. ಬೆಳವಣಿಗೆಗೆ ಹೋಗಬೇಕಾದ ಮೇವಿನ ಒಂದು ಪಾಲು ಅಲ್ಲಿ ಖರ್ಚಾಗುತ್ತದೆ. ಲಸಿಕೆಗೆ ಖರ್ಚೇ ಇಲ್ಲ ಅಂತ ನಾನು ಹೇಳುವುದಿಲ್ಲ. ಖರ್ಚಿದೆ. ಆದರೆ ಚಿಕ್ಕದು, ಮತ್ತು ಬೇಗ ಮುಗಿಯುತ್ತದೆ.

ರೋಗದಲ್ಲೂ ಇದೇ ಜೀನ್‌ಗಳೇ ಏಳುತ್ತವೆ. ಆದರೆ ಕಥೆ ಬೇರೆ. ವೈರಸ್ಸಿನ ವಿ ಅನ್ನುವ ಪ್ರೋಟೀನ್ ಇಂಟರ್‌ಫೆರಾನಿನ ದಾರಿಗೆ ಅಡ್ಡ ಬೀಳುತ್ತದೆ. ಅಷ್ಟರಲ್ಲಿ ವೈರಸ್ ಮೈಯೆಲ್ಲ ಹರಡಿರುತ್ತದೆ. ಆಮೇಲೆ ಗುಲ್ಮದಲ್ಲಿ ಇಂಟರ್‌ಫೆರಾನ್, ಐಎಲ್-6, ನೈಟ್ರಿಕ್ ಆಕ್ಸೈಡ್ ತಯಾರಿಸುವ ಜೀನ್ ಎಲ್ಲವೂ ವಿಪರೀತಕ್ಕೆ ಏರುತ್ತವೆ. ಆ ಉರಿಯೂತವೇ ಕೋಳಿಯ ಅಂಗಾಂಗ ಹಾಳು ಮಾಡುತ್ತದೆ. ಜೀನ್ ಜಾಸ್ತಿ ಏರಿತು ಅಂದರೆ ರಕ್ಷಣೆ ಜಾಸ್ತಿ ಅಂತ ತಿಳಿಯಬಾರದು. ಸರಿಯಾದ ಜಾಗದಲ್ಲಿ, ಬೇಗ ಏರಿ, ಬೇಗ ಇಳಿದರೆ ಕೋಳಿ ಉಳಿಯುತ್ತದೆ. "ಇಮ್ಯುನಿಟಿ ಬೂಸ್ಟರ್" ಅಂತ ಬಾಟಲಿ ಮಾರುವವರು ಬಂದರೆ ಇದನ್ನು ನೆನಪಿಡಿ. ಸುಮ್ನೆ ದುಡ್ಡು ಹಾಕಬೇಡಿ.

ಸೀನು ಒಂದು ವಾರ ಮೀರಿದರೆ, ಮರಿ ಸಾಯತೊಡಗಿದರೆ ಅದು ಬರೀ ಲಸಿಕೆಯ ಪರಿಣಾಮ ಇರಲಿಕ್ಕಿಲ್ಲ. ಮೈಕೋಪ್ಲಾಸ್ಮಾ ಅನ್ನುವ ಬ್ಯಾಕ್ಟೀರಿಯಾ ಒಳಗೇ ಇರಬಹುದು, ಇಲ್ಲವೇ ಶೆಡ್ಡಿನಲ್ಲಿ ಅಮೋನಿಯಾ ಹೆಚ್ಚಿರಬಹುದು. ಆಗ ಪರೀಕ್ಷೆ ಮಾಡಿಸಿ.

ಪ್ರಶ್ನೆ: ಶಿರಾ ತಾಲ್ಲೂಕಿನಿಂದ ಬರೆಯುತ್ತಿದ್ದೇನೆ. ಗಂಬೋರೊ, ಕೊಕ್ಕರೆ ರೋಗ ಎರಡಕ್ಕೂ ಲಸಿಕೆ ಹಾಕಿಸಿದ್ದೆ. ಗಂಬೋರೊ ಸಣ್ಣದಾಗಿ ಬಂದು ಹೋಯಿತು, ಹೆಚ್ಚು ಸಾಯಲಿಲ್ಲ. ಆದರೆ ಎರಡು ತಿಂಗಳಾದ ಮೇಲೆ, ಬೇಸಿಗೆಯಲ್ಲಿ, ಕೊಕ್ಕರೆ ರೋಗ ಬಂದು ಅರ್ಧ ಕೋಳಿ ಹೋದವು. ಲಸಿಕೆಯೇ ನಕಲಿಯಾ?

ನಕಲಿ ಇರಲಿಕ್ಕಿಲ್ಲ. "ಸಣ್ಣದಾಗಿ ಬಂದು ಹೋಯಿತು" ಅಂದಿರಲ್ಲ, ನನ್ನ ಅನುಮಾನ ಮೊದಲು ಅದರ ಮೇಲೆ.

ಕೋಳಿಯ ಗುದದ್ವಾರದ ಮೇಲ್ಭಾಗದಲ್ಲಿ ಬರ್ಸಾ ಅನ್ನುವ ಒಂದು ಸಣ್ಣ ಚೀಲ ಇದೆ. ಅದು ಯಾಕೆ ಇದೆ ಅಂತ ನೂರಾರು ವರ್ಷ ಯಾರಿಗೂ ಗೊತ್ತಿರಲಿಲ್ಲ. ಅಮೆರಿಕದ ಓಹಿಯೋದಲ್ಲಿ ಬ್ರೂಸ್ ಗ್ಲಿಕ್ ಅನ್ನುವ ವಿದ್ಯಾರ್ಥಿ, ಏನಾಗುತ್ತದೆ ನೋಡೋಣ ಅಂತ ಮರಿಗಳ ಬರ್ಸಾ ತೆಗೆದಿದ್ದ. ವಿಶೇಷ ಏನೂ ಕಾಣಲಿಲ್ಲ. ಆಮೇಲೆ ಅವನ ಸ್ನೇಹಿತನೊಬ್ಬನಿಗೆ, ತರಗತಿಯಲ್ಲಿ ಪ್ರತಿಕಾಯ ಹೇಗೆ ಬರುತ್ತದೆ ಅಂತ ತೋರಿಸಲು ಕೋಳಿ ಬೇಕಾಯಿತು. ಗ್ಲಿಕ್‌ನ ಕೋಳಿಗಳನ್ನೇ ತೆಗೆದುಕೊಂಡ. ಚುಚ್ಚುಮದ್ದು ಕೊಟ್ಟ. ಬರ್ಸಾ ಇಲ್ಲದ ಕೋಳಿಗಳಲ್ಲಿ ಪ್ರತಿಕಾಯವೇ ಬರಲಿಲ್ಲ. 1956ರಲ್ಲಿ ಇದು ಒಂದು ಕೋಳಿ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಯಿತು. ಮನುಷ್ಯರ ರೋಗನಿರೋಧಕ ವಿಜ್ಞಾನಕ್ಕೂ ಇದೇ ಬುನಾದಿಯಾಯಿತು.

ಬರ್ಸಾದಲ್ಲಿ ನಡೆಯುವ ಕೆಲಸವೂ ವಿಚಿತ್ರವೇ. ಅಲ್ಲಿನ ಬಿ ಕೋಶಗಳು (ಪ್ರತಿಕಾಯ ತಯಾರಿಸುವ ರಕ್ತಕಣಗಳು) ತಮ್ಮ ಪ್ರತಿಕಾಯದ ಜೀನನ್ನು ತಾವೇ ತುಂಡು ತುಂಡಾಗಿ ಬದಲಿಸಿಕೊಳ್ಳುತ್ತವೆ. ಪಕ್ಕದಲ್ಲಿರುವ, ಬೇರೆ ಉಪಯೋಗವಿಲ್ಲದ ಜೀನ್ ತುಂಡುಗಳನ್ನು ತಂದು ಅಂಟಿಸಿಕೊಳ್ಳುತ್ತವೆ. ಇದು ಮರಿ ಮೊಟ್ಟೆಯೊಳಗೆ ಇರುವಾಗಲೇ ಶುರು. ಲಸಿಕೆ ಇದ್ದರೂ ಇಲ್ಲದಿದ್ದರೂ ನಡೆಯುತ್ತದೆ. ನಾನಾ ವೈರಸ್‌ಗಳಿಗೆ ನಾನಾ ಪ್ರತಿಕಾಯ ಬರುವುದು ಇದರಿಂದಲೇ.

ಗಂಬೋರೊ ವೈರಸ್ ನೇರವಾಗಿ ಈ ಬಿ ಕೋಶಗಳನ್ನೇ ಕೊಲ್ಲುತ್ತದೆ. ಮೂರರಿಂದ ಆರು ವಾರದ ಮರಿಗೆ ಬಂದರೆ ಸಾವು ಕಣ್ಣಿಗೆ ಕಾಣುತ್ತದೆ. ಮೂರು ವಾರದ ಒಳಗೆ ಬಂದರೆ ಮರಿ ಚೆನ್ನಾಗೇ ಇರುವಂತೆ ಕಾಣುತ್ತದೆ, ಆದರೆ ಬರ್ಸಾ ಹಾಳಾಗಿರುತ್ತದೆ. ಅಂಥ ಬರ್ಸಾದಲ್ಲಿ ಇಂಟರ್‌ಫೆರಾನ್, ಉರಿಯೂತದ ಜೀನ್‌ಗಳು ಏರಿರುತ್ತವೆ. ಬಿ ಕೋಶಕ್ಕೆ ಸೇರಿದ ಜೀನ್‌ಗಳ ನಕಲು ಮಾತ್ರ ಕುಸಿದಿರುತ್ತದೆ. ಕೋಶವೇ ಇಲ್ಲದ ಮೇಲೆ ನಕಲು ಎಲ್ಲಿಂದ? ಆಮೇಲೆ ಎಷ್ಟು ಒಳ್ಳೆಯ ಕೊಕ್ಕರೆ ರೋಗದ ಲಸಿಕೆ ಹಾಕಿದರೂ ಅರೆಬರೆ ಪ್ರತಿಕಾಯ.

ಹಾಗಾದರೆ ಗಂಬೋರೊ ಲಸಿಕೆ ಯಾಕೆ ಹಿಡಿಯಲಿಲ್ಲ? ಹೆಚ್ಚಾಗಿ ದಿನದ ಲೆಕ್ಕ ತಪ್ಪಿರುತ್ತದೆ. ತಾಯಿ ಕೋಳಿಯ ಪ್ರತಿಕಾಯ ಮೊಟ್ಟೆಯ ಹಳದಿಯ ಮೂಲಕ ಮರಿಗೆ ಬಂದಿರುತ್ತದೆ. ನಾಲ್ಕೈದು ದಿನಕ್ಕೊಮ್ಮೆ ಅದು ಅರ್ಧವಾಗುತ್ತಾ ಹೋಗುತ್ತದೆ. ಅದು ಹೆಚ್ಚಿರುವಾಗ ಲಸಿಕೆ ಕೊಟ್ಟರೆ, ಆ ಪ್ರತಿಕಾಯವೇ ಲಸಿಕೆಯ ವೈರಸ್ಸನ್ನು ಹಿಡಿದು ಮುಗಿಸುತ್ತದೆ. ಮರಿಯ ಜೀನ್‌ಗಳಿಗೆ ಸುದ್ದಿಯೇ ಮುಟ್ಟುವುದಿಲ್ಲ. ಬೇರೆ ಬೇರೆ ಹ್ಯಾಚರಿಯ ಮರಿ ಒಂದೇ ಶೆಡ್ಡಿನಲ್ಲಿ ಇದ್ದರೆ ಈ ತೊಂದರೆ ಇನ್ನೂ ಜಾಸ್ತಿ. ಮುಂದಿನ ಬ್ಯಾಚಿಗೆ ಹತ್ತಾರು ಮರಿಗಳ ರಕ್ತ ಕೊಟ್ಟು, ಪ್ರತಿಕಾಯ ಎಷ್ಟಿದೆ ಅಂತ ಅಳೆಯುವ ಎಲೈಸಾ ಪರೀಕ್ಷೆ ಮಾಡಿಸಿ. ಯಾವ ದಿನ ಹಾಕಬೇಕು ಅಂತ ಅದೇ ಹೇಳುತ್ತದೆ.

ಇನ್ನು ಬಿಸಿಲು. ಶಿರಾ, ಪಾವಗಡದ ಏಪ್ರಿಲ್ ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಕೋಳಿಗೆ ಬೆವರುಗ್ರಂಥಿ ಇಲ್ಲ. ಸೆಕೆ ಹೆಚ್ಚಾದರೆ ಎಚ್‌ಎಸ್‌ಪಿ70 ಥರದ ಜೀನ್‌ಗಳು ಏರುತ್ತವೆ, ಕಾರ್ಟಿಕೋಸ್ಟೆರೋನ್ ಹಾರ್ಮೋನ್ ಹೆಚ್ಚುತ್ತದೆ, ಪ್ರತಿಕಾಯ ತಗ್ಗುತ್ತದೆ. ಬೇಸಿಗೆಯಲ್ಲಿ ಲಸಿಕೆಯನ್ನು ಬೆಳಗಿನ ಜಾವವೇ ಕೊಡಿ.

ನೀರಿನ ವಿಷಯ ಎಲ್ಲರಿಗೂ ಗೊತ್ತು, ಆದರೂ ತಪ್ಪುತ್ತಾರೆ. ಬೋರ್‌ವೆಲ್ ನೀರು ಸರಿ. ಬ್ಲೀಚಿಂಗ್ ಪೌಡರ್ ಹಾಕಿದ ಟ್ಯಾಂಕ್ ನೀರಿನಲ್ಲಿ ಜೀವಂತ ಲಸಿಕೆ ಉಳಿಯುವುದಿಲ್ಲ. ಲೀಟರಿಗೆ 2ರಿಂದ 2.5 ಗ್ರಾಂ ಕೆನೆರಹಿತ ಹಾಲಿನ ಪುಡಿ ಬೆರೆಸಿ, ಎರಡು ಗಂಟೆಯೊಳಗೆ ಕುಡಿದು ಮುಗಿಯುವಷ್ಟೇ ಕಲಸಿ. ಬಾಟಲಿ 2ರಿಂದ 8 ಡಿಗ್ರಿಯಲ್ಲಿ ಇರಬೇಕು.

ಪ್ರಶ್ನೆ: ನಾಟಿ ಕೋಳಿಗೆ ರೋಗ ತಟ್ಟುವುದಿಲ್ಲ ಅಂತ ಮುಳಬಾಗಿಲು ಕಡೆ ಎಲ್ಲರೂ ಹೇಳುತ್ತಾರೆ. ನಿಜವಾ?

ತಟ್ಟುತ್ತದೆ. ಕೊಕ್ಕರೆ ರೋಗ ಬಂದು ಒಂದೇ ವಾರದಲ್ಲಿ ಹಿತ್ತಲು ಖಾಲಿಯಾದ ಮನೆಗಳು ನಿಮ್ಮ ಊರಲ್ಲೂ ಇರುತ್ತವೆ, ಕೇಳಿ ನೋಡಿ.

ಆದರೆ ತಳಿಯಿಂದ ತಳಿಗೆ ವ್ಯತ್ಯಾಸ ಇರುವುದು ಸುಳ್ಳಲ್ಲ. ಈಜಿಪ್ಟಿನ ಫಯೂಮಿ ತಳಿಯನ್ನೂ ಲೆಗಾರ್ನ್ ತಳಿಯನ್ನೂ ಅಮೆರಿಕದಲ್ಲಿ ಹೋಲಿಸಿ ನೋಡಿದ್ದಾರೆ. ಇಬ್ಬರಿಗೂ ಲಾಸೋಟ ವೈರಸ್ಸನ್ನೇ ಕೊಟ್ಟರು. ಫಯೂಮಿ ವೈರಸ್ಸನ್ನು ಬೇಗ ತೊಲಗಿಸಿತು. ಉಸಿರುನಾಳದಲ್ಲಿ ಏರಿಳಿದ ಜೀನ್‌ಗಳೂ ಎರಡರಲ್ಲಿ ಒಂದೇ ಥರ ಇರಲಿಲ್ಲ. ಕೋಳಿಗೆ ಗಡ್ಡೆ ತರುವ ಮರೆಕ್ ಅನ್ನುವ ವೈರಸ್ ರೋಗದಲ್ಲಂತೂ ಬಿ21 ಅನ್ನುವ ಜೀನ್ ಗುಂಪು ಇರುವ ಕೋಳಿಗಳು ಗಟ್ಟಿ ಅಂತ ಎಷ್ಟೋ ದಶಕಗಳಿಂದ ಗೊತ್ತಿದೆ. ನಮ್ಮ ಹಳ್ಳಿಯ ನಾಟಿ ಕೋಳಿಗಳಲ್ಲಿ ಎಲ್ಲ ಥರದ ಜೀನ್ ಬೆರೆತಿರುತ್ತವೆ. ಹಾಗಾಗಿ ಹತ್ತರಲ್ಲಿ ಒಂದೆರಡು ಬದುಕಿ ಉಳಿಯಬಹುದು. ಜನರಿಗೆ ನೆನಪಿರುವುದು ಆ ಒಂದೆರಡೇ. ನಾಟಿ ಇರಲಿ, ಗಿರಿರಾಜ ಇರಲಿ, ಲಸಿಕೆ ಹಾಕಿಸಿ. ಕೊಕ್ಕರೆ ರೋಗದ ಲಸಿಕೆ ನಮ್ಮ ಹೆಬ್ಬಾಳದಲ್ಲೇ ತಯಾರಾಗುತ್ತದೆ.

ಪ್ರಶ್ನೆ: 2025ರಲ್ಲಿ ನಮ್ಮ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯಲ್ಲಿ ಹಕ್ಕಿಜ್ವರ ಬಂದಿತ್ತು. ಕೋಳಿಗಳು ಪಟಪಟನೆ ಸಾಯುವ ರೋಗಕ್ಕೆ ಬಾತುಕೋಳಿ ಎಷ್ಟೋ ಸಲ ಜಗ್ಗುವುದಿಲ್ಲ ಅಂತ ಓದಿದೆ. ಯಾಕೆ?

ಒಂದು ದೊಡ್ಡ ಕಾರಣ ಕೋಳಿಯಲ್ಲಿ ಇಲ್ಲದ ಒಂದು ಜೀನ್. ಹಕ್ಕಿಜ್ವರ ತರುವ ಫ್ಲೂ ವೈರಸ್ಸಿನ ಆರ್‌ಎನ್‌ಎಯನ್ನು ಬೇಗ ಗುರುತಿಸುವ ರಿಗ್-ಐ ಅನ್ನುವ ಜೀನ್ ಬಾತುಕೋಳಿಗೆ ಇದೆ. ಕೋಳಿ ಅದನ್ನು ಎಂದೋ ಕಳೆದುಕೊಂಡಿದೆ. 2010ರಲ್ಲಿ ಕೆನಡಾದ ಸಂಶೋಧಕರು ಇದನ್ನು ತೋರಿಸಿದರು. ಬಾತುಕೋಳಿಯ ರಿಗ್-ಐ ಜೀನನ್ನು ಲ್ಯಾಬಿನಲ್ಲಿ ಕೋಳಿಯ ಜೀವಕೋಶಕ್ಕೆ ಹಾಕಿದಾಗ ವೈರಸ್ಸಿನ ಬೆಳವಣಿಗೆ ತಗ್ಗಿತು. ಕೋಳಿಗೆ ಎಂಡಿಎ5 ಇದೆ, ಆದರೆ ಅದೊಂದೇ ಸಾಲದು. ಬಾತುಕೋಳಿಯಲ್ಲಿ ಇಂಟರ್‌ಫೆರಾನ್ ಮೊದಲ ದಿನವೇ ಏರಿ ಇಳಿಯುತ್ತದೆ. ಕೋಳಿಯಲ್ಲಿ ಉರಿಯೂತ ಕೈಮೀರುತ್ತದೆ.

ಬಾತುಕೋಳಿ ಎಷ್ಟೋ ಸಲ ಸಾಯುವುದಿಲ್ಲ ಅನ್ನುವುದೇ ಅಪಾಯ. ಚೆನ್ನಾಗಿ ಓಡಾಡಿಕೊಂಡೇ ವೈರಸ್ ಚೆಲ್ಲುತ್ತದೆ. ಎರಡನ್ನೂ ಒಂದೇ ಕಡೆ ಬಿಡಬೇಡಿ. ಹಕ್ಕಿಜ್ವರ (ಎಚ್5ಎನ್1) ಬಂದರೆ ನಮ್ಮಲ್ಲಿ ಲಸಿಕೆಯ ದಾರಿ ಇಲ್ಲ. ಸುತ್ತ 1 ಕಿಲೋಮೀಟರಿನ ಕೋಳಿಗಳನ್ನು ಕೊಂದು ಹೂಳುವುದೇ ನಿಯಮ.

ಪ್ರಶ್ನೆ: ತುಮಕೂರಿನಲ್ಲಿ ಬಯೋಟೆಕ್ನಾಲಜಿ ಓದುತ್ತಿದ್ದೇನೆ. ಈ ವಿಷಯದಲ್ಲಿ ಪ್ರಾಜೆಕ್ಟ್ ಮಾಡಬೇಕು. ಕೋಳಿ ಸಾಕಲು, ಸೀಕ್ವೆನ್ಸಿಂಗ್ ಮಾಡಿಸಲು ನಮ್ಮ ಕಾಲೇಜಿನಲ್ಲಿ ದುಡ್ಡಿಲ್ಲ.

ಒಂದು ಕೋಳಿಯನ್ನೂ ಕೊಲ್ಲದೆ ಮಾಡಬಹುದು. ಲಸಿಕೆ ಹಾಕಿದ, ಹಾಕದ, ರೋಗ ಬಂದ ಕೋಳಿಗಳ ಆರ್‌ಎನ್‌ಎ ಸೀಕ್ವೆನ್ಸಿಂಗ್ ಮಾಹಿತಿ (ಯಾವ ಜೀನಿನ ನಕಲು ಎಷ್ಟಿದೆ ಅನ್ನುವ ಲೆಕ್ಕ) ಅಮೆರಿಕದ ಎನ್‌ಸಿಬಿಐ ಸಂಸ್ಥೆಯ ಜಿಇಒ ಸಂಗ್ರಹದಲ್ಲಿ ಉಚಿತವಾಗಿ ಸಿಗುತ್ತದೆ. ಒಂದು ಅಂಗ, ಒಂದು ವೈರಸ್ ಮಾತ್ರ ಆರಿಸಿಕೊಳ್ಳಿ. ಎಷ್ಟನೇ ದಿನದ ಮಾದರಿ ಅಂತ ತಪ್ಪದೆ ನೋಡಿ. ಎರಡನೇ ದಿನ ಇಂಟರ್‌ಫೆರಾನಿನ ಜೀನ್‌ಗಳು ಮೇಲಿರುತ್ತವೆ, ಹತ್ತನೇ ದಿನ ಪ್ರತಿಕಾಯದ ಜೀನ್‌ಗಳು. ಎರಡನ್ನೂ ಕಲಸಿದರೆ ಏನೂ ಸಿಗುವುದಿಲ್ಲ. ಉರಿಯೂತ ಬಂದ ಅಂಗಕ್ಕೆ ಬಿಳಿ ರಕ್ತಕಣಗಳು ಬಂದು ತುಂಬಿಕೊಳ್ಳುತ್ತವೆ. ಆಗ ಜೀನ್ ಏರಿದಂತೆ ಕಾಣುವುದು ನಿಜವಾಗಿ ಕಣಗಳ ಸಂಖ್ಯೆ ಏರಿದ್ದಿರಬಹುದು. ಎಷ್ಟೋ ಪ್ರಾಜೆಕ್ಟ್ ವರದಿಗಳು ಎಡವುವುದು ಇಲ್ಲೇ. ಕ್ಯುಪಿಸಿಆರ್ (ಜೀನಿನ ನಕಲು ಅಳೆಯುವ ಪರೀಕ್ಷೆ) ಮಾಡುವ ಅವಕಾಶ ಸಿಕ್ಕರೆ, ಹೋಲಿಕೆಗೆ ಬಳಸುವ ಬೀಟಾ ಆಕ್ಟಿನ್ ಜೀನ್ ಒಂದನ್ನೇ ನಂಬಬೇಡಿ. ಸೋಂಕಿನಲ್ಲಿ ಅದೂ ಅಲುಗಾಡುತ್ತದೆ.

ಜೀನನ್ನೇ ತಿದ್ದಿದ ಕೋಳಿ ಹೇಗಿರುತ್ತದೆ ಅಂತ ತಿಳಿಯಬೇಕಾದರೆ ಎಎನ್‌ಪಿ32ಎ ಅನ್ನುವ ಜೀನನ್ನು ತಿದ್ದಿದ 2023ರ ಬ್ರಿಟನ್ನಿನ ಪ್ರಯೋಗ ಓದಿ. ಸಾಮಾನ್ಯ ಪ್ರಮಾಣದ ಫ್ಲೂ ವೈರಸ್ ತಾಗಿಸಿದಾಗ ತಿದ್ದಿದ 10 ಕೋಳಿಗಳಲ್ಲಿ 9ಕ್ಕೆ ಸೋಂಕು ಬರಲಿಲ್ಲ. ಪ್ರಮಾಣ ತುಂಬಾ ಹೆಚ್ಚಿಸಿದಾಗ ಅರ್ಧದಷ್ಟಕ್ಕೆ ಬಂತು, ವೈರಸ್ಸೂ ರೂಪ ಬದಲಿಸಿಕೊಂಡಿತು.

ಪ್ರಶ್ನೆ: ಯುಗಾದಿಯ ಹೊಸತೊಡಕಿಗೆ ಮಾರಲು ಹುಂಜ ಬೆಳೆಸಿದ್ದೇನೆ. ಹಬ್ಬಕ್ಕೆ ಒಂದು ವಾರ ಇರುವಾಗ ಲಸಿಕೆ ಹಾಕಿಸಬಹುದೇ? (ಚಿಂತಾಮಣಿ)

ಬೇಡ. ಒಂದು ವಾರದಲ್ಲಿ ಪ್ರತಿಕಾಯ ಸರಿಯಾಗಿ ಬಂದಿರುವುದಿಲ್ಲ. ಕೊಕ್ಕರೆ ರೋಗದ ಆರ್2ಬಿ ಚುಚ್ಚುಮದ್ದಾದರೆ ಕೆಲವು ದಿನ ಮಂಕಾಗಿ ತೂಕವೂ ತಗ್ಗೀತು. ಎಣ್ಣೆ ಬೆರೆಸಿದ ಲಸಿಕೆಯಾದರೆ ಕೊಯ್ಯುವ ಮುಂಚೆ ಎಷ್ಟು ದಿನ ಬಿಡಬೇಕು ಅಂತ ಲೇಬಲ್ಲಿನ ಮೇಲೇ ಬರೆದಿರುತ್ತದೆ, ಅದನ್ನು ಪಾಲಿಸಿ. ಎಂಟು, ಹತ್ತು ವಾರದ ವಯಸ್ಸಿನಲ್ಲೇ ಆರ್2ಬಿ ಮುಗಿಸಿದ್ದರೆ ಈ ಯೋಚನೆಯೇ ಇರುತ್ತಿರಲಿಲ್ಲ. ಈಗ ಉಳಿದ ದಾರಿ ಒಂದೇ. ಹಬ್ಬ ಮುಗಿಯುವ ತನಕ ಸಂತೆಯಿಂದ ತಂದ ಕೋಳಿಯನ್ನು ಗೂಡಿಗೆ ಸೇರಿಸಬೇಡಿ, ಮಾರಾಟವಾಗದೆ ಸಂತೆಯಿಂದ ವಾಪಸ್ ಬಂದ ನಿಮ್ಮದೇ ಹುಂಜವನ್ನೂ ಬೇರೆಯೇ ಕಟ್ಟಿ.